ಗಿಟಾರಿನ ಬೈಂಡಿಂಗ್‌ಗೆ ಯಾವ ಅಂಟು? ಮೊದಲು ಪಟ್ಟಿ ಯಾವುದು ಅಂತ ನೋಡಿ

ನಾನು ಮಾಡಿದ ಮೊದಲ ಗಿಟಾರಿಗೆ ಬಿಳಿ ಪ್ಲಾಸ್ಟಿಕ್ ಬೈಂಡಿಂಗ್, ಅಂದರೆ ಅಂಚಿನುದ್ದಕ್ಕೂ ಕೂರಿಸುವ ತೆಳು ಪಟ್ಟಿ, ಹಾಕಿದ್ದೆ. ಪಕ್ಕದಲ್ಲೇ ಮರಗೆಲಸದ ಅಂಟಿನ ಡಬ್ಬಿ ಇತ್ತು. ಅದನ್ನೇ ಧಾರಾಳವಾಗಿ ಹಚ್ಚಿ, ಟೇಪ್ ಸುತ್ತಿ, ರಾತ್ರಿಯಿಡೀ ಬಿಟ್ಟೆ. ಬೆಳಿಗ್ಗೆ ನೋಡಿದರೆ ಎಲ್ಲೂ ಸಂದಿಲ್ಲ. ಖುಷಿಯೋ ಖುಷಿ. ತಿಂಗಳು ತುಂಬುವಷ್ಟರಲ್ಲಿ ಗಿಟಾರಿನ ಸೊಂಟದ ಹತ್ತಿರ ಒಂದು ಸಣ್ಣ ಕಪ್ಪು ಗೆರೆ ಕಾಣಿಸಿತು. ಉಗುರು ತೂರಿಸಿ ಮೆಲ್ಲಗೆ ಎಳೆದೆ. ಪಟ್ಟಿ ಉದ್ದಕ್ಕೂ ಸಲೀಸಾಗಿ ಎದ್ದು ಬಂತು. ಅದರ ಒಳಮುಖ ಹೊಸ ಪಟ್ಟಿಯ ಹಾಗೆ ಹೊಳೆಯುತ್ತಿತ್ತು, ಒಂದು ಚುಕ್ಕೆ ಅಂಟೂ ಹಿಡಿದಿರಲಿಲ್ಲ. ಮರದ ಕಡೆ ಮಾತ್ರ ಅಂಟು ತೆಳು ಪದರವಾಗಿ ಗಟ್ಟಿಯಾಗಿ ಕೂತಿತ್ತು.

ಅಂಟು ಕೆಟ್ಟದಾಗಿರಲಿಲ್ಲ. ಮರವನ್ನು ಭದ್ರವಾಗಿಯೇ ಹಿಡಿದಿತ್ತು. ಪ್ಲಾಸ್ಟಿಕ್ ಅದರ ಹಿಡಿತಕ್ಕೆ ಸಿಗುವ ವಸ್ತುವೇ ಅಲ್ಲ, ಅದು ನನಗೆ ಗೊತ್ತಿರಲಿಲ್ಲ. ಬೈಂಡಿಂಗ್ ಹಾಕಲು ಹೊರಟವರೆಲ್ಲ "ಯಾವ ಅಂಟು ಜಾಸ್ತಿ ಗಟ್ಟಿ?" ಅಂತ ಕೇಳುತ್ತಾರೆ. ಆ ಪ್ರಶ್ನೆಯಿಂದ ಶುರು ಮಾಡಿದರೆ ನನಗಾದದ್ದೇ ನಿಮಗೂ ಆಗುತ್ತದೆ.

ಮೇಲ್ಹಲಗೆಯ ಮೇಲೆ ತಂತಿಗಳನ್ನು ಸಿಕ್ಕಿಸುವ ಬ್ರಿಡ್ಜ್ ಹಗಲಿರುಳು ಅವುಗಳ ಎಳೆತ ಹೊರುತ್ತದೆ, ಅಲ್ಲಿ ಅಂಟಿನ ಬಲ ದೊಡ್ಡ ವಿಷಯ. ಬೈಂಡಿಂಗ್‌ಗೆ ಅಂಥ ಹೊರೆ ಇಲ್ಲ. ಮೇಲ್ಹಲಗೆ ಮತ್ತು ಪಕ್ಕದ ಹಲಗೆ ಸೇರುವ ಅಂಚನ್ನು ಅದು ಮುಚ್ಚುತ್ತದೆ, ಗಿಟಾರ್ ಎಲ್ಲಾದರೂ ತಾಗಿದರೆ ಪೆಟ್ಟು ತಾನು ತಿನ್ನುತ್ತದೆ, ಹಲಗೆಯ ಕಡಿದ ಎಳೆಗಳ ಮೂಲಕ ತೇವ ಒಳಹೋಗದಂತೆ ತಡೆಯುತ್ತದೆ. ಅಷ್ಟು ಕೆಲಸಕ್ಕೆ ಸರಿಯಾಗಿ ಹಿಡಿದ ಯಾವ ಅಂಟಿನ ಬಲವೂ ಸಾಕು. ನೋಡಬೇಕಾದದ್ದು ಬೇರೆ ಮೂರು: ಈ ಪಟ್ಟಿಗೆ ಅದು ಹಿಡಿಯುತ್ತದೆಯೇ, ಕೂರಿಸಲು ಎಷ್ಟು ಹೊತ್ತು ಕೊಡುತ್ತದೆ, ಪಕ್ಕದ ಮರದ ಮೇಲೆ ಏನು ಕಲೆ ಬಿಡುತ್ತದೆ.

ಸೊಂಟದ ಒಳಬಾಗು ಮಾತ್ರ ಸ್ವಲ್ಪ ಬೇರೆ. ಮೇಲಿನ ಮತ್ತು ಕೆಳಗಿನ ಉಬ್ಬುಗಳಲ್ಲಿ ಪಟ್ಟಿ ಬಿಗಿಯಾದಷ್ಟೂ ಮರಕ್ಕೆ ಒತ್ತಿಕೊಳ್ಳುತ್ತದೆ. ಸೊಂಟದಲ್ಲಿ ಬಿಗಿಯಾದರೆ ಮರದಿಂದ ದೂರ ಎಳೆಯುತ್ತದೆ. ಹಗ್ಗವನ್ನು ಒಳಬಾಗಿನ ಮೇಲಿಟ್ಟು ಎರಡೂ ತುದಿ ಎಳೆದರೆ ಅದು ನೆಟ್ಟಗಾಗಿ ಮೇಲೇಳುತ್ತದೆ, ಅಲ್ವಾ, ಹಾಗೆ. ಅದಕ್ಕೇ ಹಳೆಯ ಗಿಟಾರುಗಳಲ್ಲಿ ಬೈಂಡಿಂಗ್ ಮೊದಲು ಬಿಡುವುದು ಸೊಂಟದಲ್ಲಿ. ಯಾವ ಅಂಟು ಆರಿಸಿದರೂ ಸೊಂಟದಲ್ಲಿ ಹಿಡಿದೀತೇ ಅಂತ ಯೋಚಿಸಿ ಆರಿಸಿ.

ಹಂತ 1: ಪಟ್ಟಿ ಯಾವುದರದು ಅಂತ ಪತ್ತೆ ಮಾಡಿ

ಮರದ ಪಟ್ಟಿಯಾದರೆ ನೋಡಿದರೇ ಗೊತ್ತಾಗುತ್ತದೆ. ಮೇಪಲ್, ಬೀಟೆ, ಕರಿಮರ, ಕೋವಾ ಇವೆಲ್ಲ ಬಳಕೆಯಲ್ಲಿವೆ. ಪ್ಲಾಸ್ಟಿಕ್ಕಿನಲ್ಲಿ ಮುಖ್ಯವಾಗಿ ಮೂರು ಸಿಗುತ್ತವೆ: ಸೆಲ್ಯುಲಾಯ್ಡ್, ಎಬಿಎಸ್, ಪಿವಿಸಿ. ನೋಡಲು ಮೂರೂ ಒಂದೇ ಥರ. ಪೊಟ್ಟಣದ ಮೇಲೆ ಬರೆದಿದ್ದರೆ ಅದನ್ನು ನಂಬಿ. ಇಲ್ಲದಿದ್ದರೆ ಎರಡು ಸುಲಭದ ಪರೀಕ್ಷೆ ಇವೆ.

ಮೊದಲನೆಯದು ಮೂಗಿನ ಕೆಲಸ. ಪಟ್ಟಿಯ ಅಂಚನ್ನು ಚಾಕುವಿನಿಂದ ಸ್ವಲ್ಪ ಕೆರೆದು ಹೆಬ್ಬೆರಳಿನಿಂದ ಬಿಸಿಯಾಗುವಷ್ಟು ಉಜ್ಜಿ. ಕರ್ಪೂರದ ವಾಸನೆ ಬಂದರೆ ಅದು ಸೆಲ್ಯುಲಾಯ್ಡ್. ನೈಟ್ರೋಸೆಲ್ಯುಲೋಸ್‌ಗೆ ಕರ್ಪೂರ ಬೆರೆಸಿಯೇ ಅದನ್ನು ಮಾಡುವುದು. ಜಾನ್ ವೆಸ್ಲಿ ಹಯಾಟ್ 1870ರಲ್ಲಿ ಇದಕ್ಕೆ ಪೇಟೆಂಟ್ ಪಡೆದಾಗಲೂ ಕರ್ಪೂರವೇ ಅದರ ಜೀವಾಳವಾಗಿತ್ತು. ಆ ಕರ್ಪೂರ ವರ್ಷಗಳುದ್ದಕ್ಕೂ ಮೆಲ್ಲಗೆ ಹಾರಿಹೋಗುತ್ತದೆ, ಪಟ್ಟಿ ಕುಗ್ಗುತ್ತದೆ, ಸೊಂಟದಲ್ಲಿ ಬಿಡುತ್ತದೆ. ಒಂದು ಮಾತು, ಪರೀಕ್ಷೆ ಅಂತ ಇದಕ್ಕೆ ಬೆಂಕಿ ತಾಗಿಸಬೇಡಿ. ಸೆಲ್ಯುಲಾಯ್ಡ್ ಭಗ್ ಅಂತ ಹೊತ್ತಿಕೊಳ್ಳುತ್ತದೆ. ಅದರ ಸಣ್ಣ ಹೆರೆಗಳು ಇನ್ನೂ ಬೇಗ.

ಎರಡನೆಯದು ಅಸಿಟೋನ್. ಬೇಡದ ತುಂಡಿನ ಮೇಲೆ ಒಂದು ಹನಿ ಬಿಟ್ಟು ಅರ್ಧ ನಿಮಿಷ ಕಾಯಿರಿ, ಕಡ್ಡಿಯಿಂದ ಒತ್ತಿ ನೋಡಿ. ಮೇಲ್ಮೈ ಜಿಗುಟಾಗಿ ಕಡ್ಡಿಯ ಗುರುತು ಮೂಡಿದರೆ ಸೆಲ್ಯುಲಾಯ್ಡ್ ಅಥವಾ ಎಬಿಎಸ್. ಪಿವಿಸಿ ಸ್ವಲ್ಪ ಮೆತ್ತಗಾದೀತು, ಆದರೆ ಕರಗಿ ಜಿಗುಟಾಗುವುದಿಲ್ಲ. ಏನೂ ಆಗಲಿಲ್ಲ, ಮುಟ್ಟಿದರೆ ಮೇಣದ ಹಾಗೆ ಜಾರುತ್ತದೆ ಅಂದರೆ ಅದು ಪಾಲಿಥೀನ್ ಜಾತಿಯದು ಇರಬಹುದು, ಪಕ್ಕಕ್ಕಿಡಿ. ಸೂಪರ್ ಗ್ಲೂ ತುಂಬುವ ಬಾಟಲಿಯೇ ಪಾಲಿಥೀನ್‌ನದು, ಅಂಟದ ವಸ್ತು ಅಂತಲೇ.

ಹಂತ 2: ಪ್ಲಾಸ್ಟಿಕ್ ಪಟ್ಟಿಗೆ

ಸೆಲ್ಯುಲಾಯ್ಡ್ ಮತ್ತು ಎಬಿಎಸ್‌ಗೆ ನನ್ನ ಮೊದಲ ಆಯ್ಕೆ ಕರಗಿಸಿ ಅಂಟಿಸುವ ಸಿಮೆಂಟ್. ಇದು ದ್ರಾವಕದಲ್ಲಿ ಕರಗಿದ ಪ್ಲಾಸ್ಟಿಕ್, ಅಷ್ಟೇ. ಪಟ್ಟಿಗೆ ತಾಗಿದ ಕೂಡಲೇ ಅದರ ಮೇಲ್ಪದರವನ್ನು ಕರಗಿಸಿ ತಾನೂ ಅದರಲ್ಲಿ ಬೆರೆಯುತ್ತದೆ. ಇನ್ನೊಂದು ಕಡೆ ಮರದ ರಂಧ್ರಗಳಿಗೆ ಇಳಿಯುತ್ತದೆ. ದ್ರಾವಕ ಹಾರಿಹೋದ ಮೇಲೆ ಉಳಿಯುವ ಪ್ಲಾಸ್ಟಿಕ್ ಆ ರಂಧ್ರಗಳಲ್ಲಿ ಬೇರು ಬಿಟ್ಟಂತೆ ಕೂರುತ್ತದೆ. ಸೆಲ್ಯುಲಾಯ್ಡ್‌ಗೆ ಡ್ಯೂಕೋ ಸಿಮೆಂಟ್‌ನಂಥ ನೈಟ್ರೋಸೆಲ್ಯುಲೋಸ್ ಅಂಟು ಬಹಳ ಕಾಲದಿಂದ ಬಳಕೆಯಲ್ಲಿದೆ. ಗಿಟಾರ್ ಸಾಮಾನು ಮಾರುವವರು ಬೈಂಡಿಂಗ್ ಸಿಮೆಂಟ್ ಅಂತಲೇ ಬೇರೆ ಟ್ಯೂಬ್ ಇಡುತ್ತಾರೆ. ಅದರ ಮೇಲೆ ನಿಮ್ಮ ಪ್ಲಾಸ್ಟಿಕ್ಕಿನ ಹೆಸರಿದೆಯೇ ಅಂತ ಮಾತ್ರ ನೋಡಿಕೊಳ್ಳಿ. ಪಿವಿಸಿಗೆ ಇದು ಇನ್ನೂ ಮುಖ್ಯ. ಅಸಿಟೋನ್ ಮಾತ್ರ ಇರುವ ಸಿಮೆಂಟ್ ಅದಕ್ಕೆ ಸಾಲದು. ಪಿವಿಸಿಗೆ ಅಂತ ಬರೆದಿರುವುದು ಬೇಕು, ಇಲ್ಲವಾದರೆ ಸೂಪರ್ ಗ್ಲೂ.

ಬರೀ ಅಸಿಟೋನ್ ಸವರಿ ಪಟ್ಟಿ ಒತ್ತಿದರೆ ಆಗದೇ ಅಂತ ಕೆಲವರು ಕೇಳುತ್ತಾರೆ. ಪ್ಲಾಸ್ಟಿಕ್‌ಗೆ ಪ್ಲಾಸ್ಟಿಕ್ ಅಂಟಿಸಲು ಆಗುತ್ತದೆ, ಎರಡೂ ಕರಗಿ ಬೆರೆಯುತ್ತವೆ. ಮರ ಕರಗುವುದಿಲ್ಲವಲ್ಲ, ಅಲ್ಲಿ ಹಿಡಿತ ಸಾಲದು. ಆದರೆ ಉಳಿದ ಪಟ್ಟಿಯ ಚೂರುಗಳನ್ನು ಅಸಿಟೋನ್‌ನಲ್ಲಿ ಕರಗಿಸಿ ನೀವೇ ಸಿಮೆಂಟ್ ಮಾಡಿಕೊಳ್ಳಬಹುದು. ಗಾಜಿನ ಸಣ್ಣ ಶೀಶೆಯಲ್ಲಿ ಚೂರುಗಳನ್ನು ಹಾಕಿ, ಮುಳುಗುವಷ್ಟು ಅಸಿಟೋನ್ ಸುರಿದು, ಲೋಹದ ಮುಚ್ಚಳ ಬಿಗಿದು ರಾತ್ರಿ ಬಿಡಿ. ಬೆಳಿಗ್ಗೆ ಕಲಕಿದರೆ ಜೇನುತುಪ್ಪದ ಹದಕ್ಕೆ ಬಂದಿರುತ್ತದೆ. ಗಟ್ಟಿಯಾದರೆ ಇನ್ನಷ್ಟು ಅಸಿಟೋನ್, ನೀರಾದರೆ ಇನ್ನಷ್ಟು ಚೂರು. ಇದರ ದೊಡ್ಡ ಉಪಯೋಗ ಸಣ್ಣ ಸಂದಿ ತುಂಬುವುದರಲ್ಲಿ, ಯಾಕೆಂದರೆ ಬಣ್ಣ ಪಟ್ಟಿಯದ್ದೇ. ಒಣಗುವಾಗ ತುಂಬಾ ಕುಗ್ಗುತ್ತದೆ, ಎರಡು ಮೂರು ಸಲ ತುಂಬಬೇಕಾಗುತ್ತದೆ.

ಸಿಮೆಂಟ್ ಜಾಸ್ತಿ ಹಾಕುವುದೇ ಇಲ್ಲಿ ಎಲ್ಲರೂ ಮಾಡುವ ತಪ್ಪು. ಒಳಗೆ ಸಿಕ್ಕಿಹಾಕಿಕೊಂಡ ದ್ರಾವಕಕ್ಕೆ ಹೊರಬರಲು ದಾರಿ ಇಲ್ಲ. ಅದು ಪಟ್ಟಿಯ ಮೂಲಕವೇ ಬರಬೇಕು, ದಾರಿಯುದ್ದಕ್ಕೂ ಪಟ್ಟಿಯನ್ನು ಮೆತ್ತಗೆ ಮಾಡಿ ಉಬ್ಬಿಸುತ್ತದೆ. ಉಬ್ಬಿದ ಪಟ್ಟಿಯನ್ನು ನೀವು ಮಾರನೇ ದಿನವೇ ಹೆರೆದು ಮರದ ಸಮಕ್ಕೆ ತಂದರೆ, ವಾರ ಕಳೆದ ಮೇಲೆ ಅದು ಕುಗ್ಗಿ ಮರಕ್ಕಿಂತ ಕೆಳಗೆ ಕೂತಿರುತ್ತದೆ. ಬೆರಳು ಸವರಿದರೆ ಅಂಚು ತಾಗುತ್ತದೆ. ಪಟ್ಟಿ ಕೂರಲು ಗಿಟಾರಿನ ಅಂಚಿನಲ್ಲಿ ಕೊರೆದ ಕಚ್ಚಿನ ಒಳಮೂಲೆಗೆ ಒಂದು ಸಣ್ಣ ಗೆರೆ, ಪಟ್ಟಿಯ ಒಳಮುಖಕ್ಕೆ ತೆಳ್ಳಗೆ ಒಂದು ಸವರು, ಅಷ್ಟು ಸಾಕು. ಒತ್ತಿದಾಗ ಅಂಚಿನಲ್ಲಿ ಸಣ್ಣ ಸಣ್ಣ ಮಣಿಗಳಂತೆ ಹೊರಬಂದರೆ ಹದ ಸರಿಯಾಗಿದೆ.

ಅಸಿಟೋನ್ 56 ಡಿಗ್ರಿಗೇ ಕುದಿಯುವ ವಸ್ತು, ಆವಿ ಕಿಡಿಗೆ ಕಾದಿರುತ್ತದೆ. ಕಿಟಕಿ ತೆರೆದಿಡಿ, ಹತ್ತಿರದಲ್ಲಿ ಒಲೆ, ಹೀಟರ್ ಬೇಡ. ತೆಳು ನೈಟ್ರೈಲ್ ಕೈಗವಸನ್ನು ಅದು ಬೇಗ ದಾಟುತ್ತದೆ, ಒದ್ದೆಯಾದ ಕೂಡಲೇ ಬದಲಿಸಿ.

ಹಂತ 3: ಮರದ ಪಟ್ಟಿಗೆ

ಮರಕ್ಕೆ ಮರ ಅಂಟಿಸುವಾಗ ಆಯ್ಕೆ ಜಾಸ್ತಿ. ಮೊದಲ ಸಲ ಮಾಡುವವರಿಗೆ ನಾನು ಹೇಳುವುದು ಟೈಟ್‌ಬಾಂಡ್ ಒರಿಜಿನಲ್‌ನಂಥ ಹಳದಿ ಮರದಂಟು. ನೀರಿನಲ್ಲಿ ಒರೆಸಬಹುದು, ವಾಸನೆ ಇಲ್ಲ, ಮುಂದೆ ಯಾರಾದರೂ ರಿಪೇರಿಗೆ ಬಿಚ್ಚಬೇಕಾದರೆ ಬಿಸಿ ಮಾಡಿದರೆ ಮೆತ್ತಗಾಗುತ್ತದೆ. ಆದರೆ ಹಚ್ಚಿದ ಮೇಲೆ ಪಟ್ಟಿ ಕೂರಿಸಲು ಇರುವುದು 4ರಿಂದ 6 ನಿಮಿಷ. ಇಡೀ ಜೋಡಣೆ 10ರಿಂದ 15 ನಿಮಿಷದಲ್ಲಿ ಮುಗಿಯಬೇಕು. ಸೆಕೆಯಿದ್ದು ಗಾಳಿ ಒಣಗಿದ್ದರೆ ಇನ್ನೂ ಕಡಿಮೆ. ಹಾಗಾಗಿ ಒಂದೇ ಸಲಕ್ಕೆ ಪೂರ್ತಿ ಉದ್ದಕ್ಕೆ ಅಂಟು ಹಚ್ಚಬೇಡಿ. ಒಂದು ಗೇಣು ಹಚ್ಚಿ, ಕೂರಿಸಿ, ಟೇಪ್ ಹಾಕಿ, ಮುಂದಿನ ಗೇಣಿಗೆ ಹೋಗಿ.

ಈ ಅಂಟಿನಲ್ಲಿ ನೀರಿದೆ ಅನ್ನುವುದನ್ನು ಮರೆಯಬಾರದು. ಎರಡು ಮಿಲಿಮೀಟರ್ ದಪ್ಪದ ಮೇಪಲ್ ಪಟ್ಟಿ ಆ ನೀರು ಕುಡಿದು ಸ್ವಲ್ಪ ಉಬ್ಬುತ್ತದೆ. ಇದರಲ್ಲಿ ಒಳ್ಳೆಯದೂ ಇದೆ, ಕೂದಲೆಳೆಯಷ್ಟು ಸಂದಿ ತಾನೇ ಮುಚ್ಚಿಕೊಳ್ಳುತ್ತದೆ. ಕೆಟ್ಟದ್ದೇನೆಂದರೆ ಬಿಸಿಯಲ್ಲಿ ಬಾಗಿಸಿದ ಪಟ್ಟಿ ತೇವ ತಾಗಿದಾಗ ಮತ್ತೆ ನೆಟ್ಟಗಾಗಲು ನೋಡುತ್ತದೆ. ಸೊಂಟಕ್ಕೆ ಸರಿಯಾಗಿ ಹೊಂದುವ ಹಾಗೆ ಮೊದಲೇ ಬಾಗಿಸಿಟ್ಟುಕೊಂಡರೆ ಈ ತೊಂದರೆ ಕಡಿಮೆ. ಟೇಪಿನ ಬಲದಿಂದ ಬಾಗಿಸುತ್ತೇನೆ ಅಂತ ಹೊರಡಬೇಡಿ.

ಹೈಡ್ ಗ್ಲೂ, ಅಂದರೆ ಪ್ರಾಣಿಗಳ ಚರ್ಮದಿಂದ ಮಾಡುವ ಅಂಟು, ನನಗೆ ತುಂಬಾ ಇಷ್ಟ. ಒಣಗಿದ ಮೇಲೆ ಗಾಜಿನಂತೆ ಗಟ್ಟಿ, ಮೇಲೆ ವಾರ್ನಿಶ್‌ನಂಥ ಫಿನಿಶ್ ಹೊಡೆದರೆ ಕಲೆ ಎದ್ದು ಕಾಣುವುದಿಲ್ಲ, ನೂರು ವರ್ಷದ ನಂತರವೂ ಬಿಸಿ ಮತ್ತು ತೇವದಿಂದ ಬಿಚ್ಚಬಹುದು. ಆದರೆ ಅದನ್ನು ಸುಮಾರು 60 ಡಿಗ್ರಿ ಬಿಸಿಯಲ್ಲಿ ಇಟ್ಟುಕೊಂಡೇ ಬಳಸಬೇಕು. ತಣ್ಣಗಿನ ಮರಕ್ಕೆ ತಾಗಿದರೆ ಒಂದು ನಿಮಿಷದೊಳಗೆ ಹೆಪ್ಪುಗಟ್ಟುತ್ತದೆ. ಬೈಂಡಿಂಗ್ ಉದ್ದನೆಯ ಕೆಲಸ, ಅಷ್ಟು ಚುರುಕು ಕೈ ಬರುವವರೆಗೆ ಇದು ಬೇಡ. ಬಿಚ್ಚಲು ಬರುವ ಅಂಟೇ ಬೇಕು, ಸಮಯವೂ ಬೇಕು ಅನ್ನುವವರಿಗೆ ಮೀನಿನ ಚರ್ಮದಿಂದ ಮಾಡಿದ ಅಂಟು ಇದೆ. ಅದು ಬಿಸಿ ಮಾಡದೆಯೇ ದ್ರವವಾಗಿರುತ್ತದೆ, ನಿಧಾನವಾಗಿ ಹಿಡಿಯುತ್ತದೆ. ತೇವಕ್ಕೆ ಮಾತ್ರ ಅದು ಹೆದರುತ್ತದೆ.

ಬೀಟೆ, ಕೊಕೊಬೋಲೋ ಥರದ ಎಣ್ಣೆ ಮರಗಳಿಗೆ ಒಂದು ಎಚ್ಚರಿಕೆ. ಹೆರೆದು ದಿನಗಟ್ಟಲೆ ಬಿಟ್ಟ ಮುಖಕ್ಕೆ ಅಂಟು ಸರಿಯಾಗಿ ಹಿಡಿಯುವುದಿಲ್ಲ, ಎಣ್ಣೆ ಮೇಲೆ ಬಂದಿರುತ್ತದೆ. ಅಂಟಿಸುವ ದಿನವೇ ಸ್ಕ್ರೇಪರ್‌ನಿಂದ ಒಂದು ಸಲ ಹೆರೆದು ಹೊಸ ಮುಖ ತೆಗೆಯಿರಿ.

ಸೂಪರ್ ಗ್ಲೂ: ಎಲ್ಲದಕ್ಕೂ ಹಿಡಿಯುತ್ತದೆ, ಎಲ್ಲವನ್ನೂ ಕೆಡಿಸಬಲ್ಲದು

ಮರ, ಸೆಲ್ಯುಲಾಯ್ಡ್, ಎಬಿಎಸ್, ಪಿವಿಸಿ, ಫೈಬರ್ ಪಟ್ಟಿ ಎಲ್ಲಕ್ಕೂ ಸೂಪರ್ ಗ್ಲೂ ಹಿಡಿಯುತ್ತದೆ. ನೀರಿಲ್ಲದ ಅಂಟು, ಹಾಗಾಗಿ ಉಬ್ಬುವ ತಂಟೆ ಇಲ್ಲ. ಇದರಲ್ಲಿ ಒಂದು ಸೊಗಸಾದ ವಿಧಾನವಿದೆ. ಪಟ್ಟಿಯನ್ನು ಅಂಟಿಲ್ಲದೆ ಹಾಗೇ ಕಚ್ಚಿನಲ್ಲಿ ಕೂರಿಸಿ, ಟೇಪ್ ಹಾಕಿ, ಸಂದಿಗಳೆಲ್ಲ ಮುಚ್ಚಿವೆ ಅಂತ ಖಚಿತ ಮಾಡಿಕೊಂಡು, ಆಮೇಲೆ ತೆಳ್ಳನೆಯ ಸೂಪರ್ ಗ್ಲೂವನ್ನು ಟೇಪುಗಳ ನಡುವಿನ ಗೆರೆಗೆ ಒಂದೊಂದೇ ಹನಿ ತಾಗಿಸುವುದು. ಬತ್ತಿ ಎಣ್ಣೆ ಎಳೆದುಕೊಂಡ ಹಾಗೆ ಸಂದಿ ಅದನ್ನು ಒಳಗೆ ಎಳೆದುಕೊಳ್ಳುತ್ತದೆ. ಅವಸರವೇ ಇಲ್ಲ. ಆದರೆ ಹನಿ ಬಿದ್ದ ಮೇಲೆ ಪಟ್ಟಿ ಎಲ್ಲಿದೆಯೋ ಅಲ್ಲೇ. ಸಂದಿ ಉಳಿದಿದ್ದರೆ ಅದೂ ಅಲ್ಲೇ.

ಇದರ ದೊಡ್ಡ ಕೆಡುಕು ಕಲೆ. ಸ್ಪ್ರೂಸ್ ಮರದ ಮೇಲ್ಹಲಗೆಯ ಕಡಿದ ಎಳೆಗಳು ಇದನ್ನು ಕುಡಿದುಬಿಡುತ್ತವೆ. ಆಗ ಏನೂ ಕಾಣುವುದಿಲ್ಲ. ಫಿನಿಶ್‌ನ ಮೊದಲ ಕೋಟ್ ಹೊಡೆದ ದಿನ ಅಂಚಿನುದ್ದಕ್ಕೂ ಕಂದು ನೆರಳಿನಂಥ ಮಚ್ಚೆಗಳು ಎದ್ದು ಕಾಣುತ್ತವೆ, ಅವನ್ನು ತೆಗೆಯಲು ಆಗುವುದಿಲ್ಲ. ಅದಕ್ಕೆ ಮೊದಲೇ ಕಚ್ಚಿಗೂ ಅದರ ಪಕ್ಕದ ಮೇಲ್ಹಲಗೆಯ ಅಂಚಿಗೂ ಶೆಲ್ಯಾಕ್ ಎರಡು ಸಲ ಸವರಿ ಒಣಗಿಸಿ. ಅರಗಿನ ಈ ತೆಳು ಪದರ ಅಂಟನ್ನು ಮರದೊಳಗೆ ಇಳಿಯಲು ಬಿಡುವುದಿಲ್ಲ. ಮರದಂಟು ಅಥವಾ ಹೈಡ್ ಗ್ಲೂ ಬಳಸುವಾಗ ಮಾತ್ರ ಕಚ್ಚಿನ ಒಳಗೆ ಶೆಲ್ಯಾಕ್ ಬೇಡ, ಅವಕ್ಕೆ ಬರಿಯ ಮರವೇ ಬೇಕು.

ಇನ್ನೊಂದು ವಿಷಯವನ್ನು ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ. ಸೂಪರ್ ಗ್ಲೂ ಹತ್ತಿಗೆ ತಾಗಿದರೆ ಥಟ್ಟನೆ ಬಿಸಿಯಾಗುತ್ತದೆ, ಹೊಗೆ ಏಳುವಷ್ಟು. ಬೈಂಡಿಂಗ್ ಬಿಗಿಯಲು ಹತ್ತಿಯ ಪಟ್ಟಿ ಸುತ್ತುವ ರೂಢಿ ಹಲವರಿಗಿದೆ. ಮರದಂಟಿಗೆ ಅದು ಒಳ್ಳೆಯದೇ. ಸೂಪರ್ ಗ್ಲೂ ಜೊತೆಗೆ ಹತ್ತಿಯ ಪಟ್ಟಿ, ಹತ್ತಿಯ ಕೈಗವಸು, ಒರೆಸಲು ಹತ್ತಿ ಬಟ್ಟೆ ಯಾವುದೂ ಬೇಡ.

ಚೆಲ್ಲಿದ ಸೂಪರ್ ಗ್ಲೂವನ್ನು ಅಸಿಟೋನ್‌ನಿಂದ ಒರೆಸುವುದು ಮರದ ಬೈಂಡಿಂಗ್‌ನಲ್ಲಿ ಸರಿ. ಪಟ್ಟಿ ಸೆಲ್ಯುಲಾಯ್ಡ್ ಅಥವಾ ಎಬಿಎಸ್ ಆಗಿದ್ದರೆ ಅದೇ ಒರಸು ಪಟ್ಟಿಯನ್ನೇ ಕರಗಿಸುತ್ತದೆ. ಒಣಗಲು ಬಿಟ್ಟು ಆಮೇಲೆ ಹೆರೆಯಿರಿ.

ಹಂತ 4: ಪರ್ಫ್ಲಿಂಗ್ ಇದ್ದರೆ ಇನ್ನೊಮ್ಮೆ ಯೋಚಿಸಿ

ಬೈಂಡಿಂಗ್ ಪಕ್ಕದಲ್ಲಿ ಕಪ್ಪು-ಬಿಳಿ-ಕಪ್ಪು ಗೆರೆಗಳ ಪರ್ಫ್ಲಿಂಗ್ ಹಾಕುವುದಾದರೆ ಒಂದೇ ಕಚ್ಚಿನಲ್ಲಿ ಎರಡು ವಸ್ತು ಕೂರುತ್ತವೆ. ಎರಡೂ ಮರ ಅಥವಾ ಎರಡೂ ಪ್ಲಾಸ್ಟಿಕ್ ಆದರೆ ಯೋಚನೆ ಇಲ್ಲ. ಮರದ ಬೈಂಡಿಂಗ್ ಪಕ್ಕ ಪ್ಲಾಸ್ಟಿಕ್ ಗೆರೆಗಳು ಬಂದರೆ ಮರದಂಟು ಕೈಕೊಡುತ್ತದೆ. ಅಲ್ಲಿ ಸೂಪರ್ ಗ್ಲೂ ಒಂದೇ ನೆಮ್ಮದಿಯ ದಾರಿ. ನಾನಾದರೆ ಮರದ ಬೈಂಡಿಂಗ್‌ಗೆ ಮರದ ಇಲ್ಲವೇ ಫೈಬರ್ ಪರ್ಫ್ಲಿಂಗ್ ಆರಿಸಿ ಈ ಗೋಜಲನ್ನೇ ತಪ್ಪಿಸುತ್ತೇನೆ.

ಚಿಪ್ಪಿನ ಅಲಂಕಾರ ಇದ್ದರೆ ಅದರ ಜಾಗದಲ್ಲಿ ಟೆಫ್ಲಾನ್ ಪಟ್ಟಿ ಇಟ್ಟು ಬೈಂಡಿಂಗ್ ಅಂಟಿಸುತ್ತಾರೆ. ಟೆಫ್ಲಾನ್‌ಗೆ ಯಾವ ಅಂಟೂ ಹಿಡಿಯುವುದಿಲ್ಲ. ಒಣಗಿದ ಮೇಲೆ ಎಳೆದರೆ ಚಿಪ್ಪು ಕೂರಿಸಲು ಚೊಕ್ಕ ಸಂದು ಸಿಗುತ್ತದೆ.

ಬಣ್ಣ ಹರಿಯುವುದನ್ನೂ ಇಲ್ಲೇ ನೋಡಿಕೊಳ್ಳಬೇಕು. ಬೀಟೆಯ ಬಣ್ಣ ಅಸಿಟೋನ್‌ನಲ್ಲಿ ಕರಗುತ್ತದೆ. ಒಮ್ಮೆ ಬೀಟೆಯ ಪಕ್ಕದ ಹಲಗೆಗೆ ಬಿಳಿ ಪಟ್ಟಿ ಹಾಕುವಾಗ ಹೊರಬಂದ ಸಿಮೆಂಟನ್ನು ಅಸಿಟೋನ್ ಅದ್ದಿದ ಬಟ್ಟೆಯಿಂದ ಒರೆಸಿದೆ. ಒಂದೇ ಎಳೆತಕ್ಕೆ ನೇರಳೆ ಬಣ್ಣ ಬಿಳಿ ಪಟ್ಟಿಯ ಮೇಲೆ ಹರಡಿ, ಮೆತ್ತಗಾಗಿದ್ದ ಪ್ಲಾಸ್ಟಿಕ್‌ನೊಳಗೆ ಇಳಿದು ಕೂತಿತು. ಅದನ್ನು ಹೆರೆದು ತೆಗೆಯಲು ಒಂದು ಮಧ್ಯಾಹ್ನ ಬೇಕಾಯಿತು. ಈಗ ಬೀಟೆಗೆ ಮೊದಲೇ ಶೆಲ್ಯಾಕ್ ಸವರುತ್ತೇನೆ, ಹೊರಬಂದದ್ದನ್ನು ಒರೆಸುವುದೇ ಇಲ್ಲ.

ಬಿಸಿ ಗನ್ನಿನ ಅಂಟು ದಪ್ಪ ಪದರ ಬಿಡುತ್ತದೆ, ನೊರೆ ಬರುವ ಪಾಲಿಯುರೆಥೇನ್ ಪಟ್ಟಿಯನ್ನೇ ತಳ್ಳುತ್ತದೆ, ಕಾಂಟ್ಯಾಕ್ಟ್ ಸಿಮೆಂಟ್ ಕೂರಿಸಿದ ಮೇಲೆ ಜರುಗಿಸಲು ಬಿಡುವುದಿಲ್ಲ. ಮೂರೂ ಬೇಡ. ಎಪಾಕ್ಸಿ ಎಣ್ಣೆ ಮರಕ್ಕೆ ಹಿಡಿಯುತ್ತದೆ, ಸಮಯವೂ ಕೊಡುತ್ತದೆ, ಆದರೆ ಒರೆಸುವುದು ರಗಳೆ ಮತ್ತು ನಯವಾದ ಪ್ಲಾಸ್ಟಿಕ್‌ನಿಂದ ಸಿಪ್ಪೆಯ ಹಾಗೆ ಏಳಬಹುದು.

ಹಂತ 5: ಚೂರುಗಳ ಮೇಲೆ ಪರೀಕ್ಷೆ

ಇದನ್ನು ಬಿಡಲೇಬೇಡಿ. ನಿಮ್ಮ ಗಿಟಾರಿನದೇ ಮೇಲ್ಹಲಗೆ ಮತ್ತು ಪಕ್ಕದ ಹಲಗೆಯ ಉಳಿದ ತುಂಡುಗಳನ್ನು ಜೋಡಿಸಿ, ಅದೇ ಅಳತೆಯ ಕಚ್ಚು ತೆಗೆದು, ಅದೇ ಪಟ್ಟಿಯನ್ನು ಅದೇ ಅಂಟಿನಿಂದ ಅಂಟಿಸಿ. ಎರಡು ದಿನ ಬಿಟ್ಟು ಉಳಿಯ ತುದಿಯಿಂದ ಎಬ್ಬಿಸಿ ನೋಡಿ. ಪಟ್ಟಿಯ ಜೊತೆ ಮರದ ಎಳೆಗಳು ಕಿತ್ತು ಬಂದರೆ ಅಂಟು ಸರಿ. ಪಟ್ಟಿಯ ಹಿಂಬದಿ ಚೊಕ್ಕವಾಗಿ ಹೊಳೆದರೆ ಆ ಅಂಟು ಬೇಡ. ಇನ್ನೊಂದು ತುಂಡಿನ ಮೇಲೆ ನೀವು ಬಳಸಲಿರುವ ಫಿನಿಶ್ ಒಂದು ಕೋಟ್ ಹೊಡೆಯಿರಿ. ಕಲೆ ಇದ್ದರೆ ಅಲ್ಲೇ ಗೊತ್ತಾಗುತ್ತದೆ.

ಹಂತ 6: ಅಂಟಿಸುವ ದಿನ

ಮೊದಲು ಅಂಟಿಲ್ಲದೆ ಪೂರ್ತಿ ಒಂದು ಸಲ ಟೇಪ್ ಹಾಕಿ ನೋಡಿ. ಹೀಗೆ ಕೂರಿಸುವಾಗ ಮುಚ್ಚದ ಸಂದಿಯನ್ನು ಅಂಟು ಮುಚ್ಚುವುದಿಲ್ಲ. ಕಚ್ಚಿನ ಒಳಮೂಲೆಯಲ್ಲಿ ಮರದ ಚೂರು ಉಳಿದಿರುವುದೇ ಸಾಮಾನ್ಯ ಕಾರಣ. ಟೇಪ್ ತುಂಡುಗಳನ್ನು ಬೆರಳುದ್ದಕ್ಕೆ ಕತ್ತರಿಸಿ ಮೇಜಿನ ಅಂಚಿಗೆ ಸಾಲಾಗಿ ಅಂಟಿಸಿಟ್ಟುಕೊಳ್ಳಿ. ಐವತ್ತು ತುಂಡಾದರೂ ಬೇಕು.

ನಾನು ಹಿಂತುದಿಯ ಮಧ್ಯದ ಜೋಡಣೆಯಿಂದ ಶುರು ಮಾಡಿ ಕೆಳಗಿನ ಉಬ್ಬು, ಸೊಂಟ, ಮೇಲಿನ ಉಬ್ಬು ಅಂತ ಹೋಗುತ್ತೇನೆ. ಟೇಪನ್ನು ಮೊದಲು ಪಕ್ಕದ ಹಲಗೆಗೆ ಅಂಟಿಸಿ, ಪಟ್ಟಿಯ ಮೇಲಿಂದ ಬಿಗಿಯಾಗಿ ಎಳೆದು ಮೇಲ್ಹಲಗೆಗೆ ಕೂರಿಸಬೇಕು. ಪಟ್ಟಿ ಕೆಳಕ್ಕೂ ಒಳಕ್ಕೂ ಒಟ್ಟಿಗೆ ಒತ್ತಬೇಕು. ಸೊಂಟದಲ್ಲಿ ಟೇಪ್ ಒಂದೇ ಸಾಲದು. ಅದರ ಬಾಗಿಗೆ ಹೊಂದುವ ಮರದ ತುಂಡು ಮೊದಲೇ ಮಾಡಿಟ್ಟುಕೊಂಡು, ನಡುವೆ ಪಾಲಿಥೀನ್ ಹಾಳೆ ಇಟ್ಟು ಒತ್ತಿ ಕಟ್ಟಿ.

ಟೇಪ್ ತೆಗೆಯುವಾಗ ಸ್ಪ್ರೂಸ್ ಎಳೆಗಳು ಕಿತ್ತು ಬರುವುದುಂಟು. ಹೇರ್ ಡ್ರೈಯರ್‌ನಿಂದ ಟೇಪನ್ನು ಬೆಚ್ಚಗೆ ಮಾಡಿ, ಮಡಿಸಿ, ಮೇಲ್ಮೈಗೆ ತಾಗಿದಂತೆ ನಿಧಾನಕ್ಕೆ ಎಳೆಯಿರಿ. ಸೆಲ್ಯುಲಾಯ್ಡ್ ಪಟ್ಟಿಯಾದರೆ ಬಿಸಿ ಬೇಡ, ತಾಳ್ಮೆಯಿಂದ ಎಳೆಯಿರಿ ಸಾಕು.

ಆಮೇಲೆ ಕಾಯುವುದು. ಸೂಪರ್ ಗ್ಲೂ ಆದರೆ ಮಾರನೇ ದಿನ ಹೆರೆಯಬಹುದು. ಮರದಂಟು ಒಂದು ದಿನದಲ್ಲಿ ಗಟ್ಟಿಯಾಗುತ್ತದೆ, ಆದರೆ ಪಟ್ಟಿ ಕುಡಿದ ನೀರು ಆರಲು ಇನ್ನೆರಡು ಮೂರು ದಿನ ಕೊಡಿ. ಕರಗಿಸಿ ಅಂಟಿಸುವ ಸಿಮೆಂಟ್ ಆದರೆ ಒಂದು ವಾರ. ಹೆರೆಯುವ ಮೊದಲು ಸೊಂಟದ ಹತ್ತಿರ ಉಗುರಿನಿಂದ ತಟ್ಟಿ ಕೇಳಿ. ಹಿಡಿದ ಕಡೆ ಟಕ್ ಟಕ್ ಅಂತ ಗಟ್ಟಿ ಸದ್ದು ಬರುತ್ತದೆ. ಎಲ್ಲಾದರೂ ಸದ್ದು ಟೊಳ್ಳಾದರೆ ಅಲ್ಲಿಗೆ ಪೆನ್ಸಿಲ್ ಗುರುತು ಹಾಕಿ, ಇನ್ನಷ್ಟು ಅಂಟು ತೂರಿಸಿ, ಒತ್ತಿ ಕಟ್ಟಿ. ಸ್ಕ್ರೇಪರ್ ಅದು ಒಣಗಿದ ಮೇಲೆ.